ಶುಕ್ರವಾರದ ಚಾರ್ಜರು

ಮೀನು ಹಿಡಿಯುವ ಬೋಟಿನಲ್ಲಿ ಯಾರ ಚಾರ್ಜರೂ ಯಾರದ್ದೂ ಅಲ್ಲ. ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿಕೊಳ್ಳುವುದೇ ಅಲ್ಲಿನ ಪದ್ಧತಿ. ವಿಶಾಲ ಆ ಪದ್ಧತಿಯನ್ನು ಮನೆಗೂ ತಂದಿದ್ದ. ಪಿನ್ನು ತನ್ನ ಮೊಬೈಲಿಗೆ ಕೂತಿತು ಎಂಬುದೊಂದೇ ಕಾರಣಕ್ಕೆ ತಂಗಿ ಸುಚಿತಾಳ ಲ್ಯಾಪ್‌ಟಾಪಿನ ಚಾರ್ಜರನ್ನು ಚೀಲಕ್ಕೆ ತುಂಬಿಕೊಂಡು ಹೋದ ಮಹಾನುಭಾವ ಈಗ ನಡುಗಡಲಿನಲ್ಲಿದ್ದಾನೆ. ಫೋನು ಸಿಗುವುದಿಲ್ಲ.

ಸುಚಿತಾಳಿಗೆ ಮಧ್ಯಾಹ್ನ ಮೂರಕ್ಕೆ ಆನ್‌ಲೈನ್ ಪರೀಕ್ಷೆ. ಔಷಧ ಕಂಪನಿಯೊಂದರ ಲ್ಯಾಬಿನ ಕೆಲಸಕ್ಕೆ. ತಪ್ಪಿದರೆ ಮತ್ತೆ ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ಕೂತು ಲಾರಿಗಳ ನಂಬರ್ ಬರೆಯುವುದು. ಬಿಎಸ್ಸಿ ಮಾಡಿದ್ದು ಇದಕ್ಕೇನಾ ಎಂದು ಅವಳಿಗೆ ದಿನವೂ ಹೊಟ್ಟೆ ಉರಿಯುತ್ತಿತ್ತು. ಬ್ಯಾಟರಿಯೋ, ಅರ್ಧ ಗಂಟೆಗೂ ಸಾಲದು.

"ಎಂತಕ್ಕೆ ಅಷ್ಟು ಗಡಿಬಿಡಿ? ನನ್ನ ಮೊಬೈಲಿಂದು ತಕೋ," ಎಂದಳು ತಾಯಿ ಕಮಲಿ.

"ಪಿನ್ನು ಕೂರ್ತದೆ ಅಮ್ಮ, ಕರೆಂಟು ಸಾಕಾಗೂದಿಲ್ಲ."

ಕುಮಟಾ ಪೇಟೆಯ ಅಂಗಡಿಯವ ಕೊಟ್ಟದ್ದೂ ಅಂಥದ್ದೇ. ಸಿಕ್ಕಿಸಿದರೆ ದೀಪ ಹತ್ತಿತು, ಬ್ಯಾಟರಿ ಮಾತ್ರ ಇಳಿಯುತ್ತಲೇ ಹೋಯಿತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದಳು. ಅಲ್ಲಿನವ ತಲೆ ತುರಿಸಿಕೊಂಡ. "ಅರವತ್ತೈದು ವಾಟಿಂದು ನಮ್ಮಲ್ಲಿಲ್ಲ. ಭಟ್ಕಳಕ್ಕೆ ಹೋಗಿ, ಅಲ್ಲಿ ಸಿಗದ್ದು ಎಂತದೂ ಇಲ್ಲ."

ಮತ್ತೆ ಬಸ್ಸು. ಮುರ್ಡೇಶ್ವರದ ತಿರುವಿನಲ್ಲಿ ಪ್ರವಾಸಿಗರು ಒಬ್ಬೊಬ್ಬರಾಗಿ ಆರಾಮವಾಗಿ ಇಳಿಯುತ್ತಿದ್ದರೆ, ಡ್ರೈವರನನ್ನೂ ಇಳಿಸಿ ತಾನೇ ಓಡಿಸಿಬಿಡಬೇಕು ಅನ್ನಿಸಿತು ಅವಳಿಗೆ.

ಭಟ್ಕಳದಲ್ಲಿ ಸಾಲಿಗೆ ಸಾಲೇ ಶಟರ್ ಎಳೆದಿತ್ತು. ಶುಕ್ರವಾರ, ನಮಾಜಿನ ಹೊತ್ತು! ಇದೇ ಕರಾವಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಹೊಳೆಯದೇ ಹೋಯಿತಲ್ಲ! ತನ್ನ ಮೇಲೇ ಸಿಟ್ಟು ಬಂದು ಕಣ್ಣು ತುಂಬಿತು. ಒಂದು ಅಂಗಡಿಯ ಬೋರ್ಡಿನಲ್ಲಿದ್ದ ನಂಬರಿಗೆ ಫೋನ್ ಹಚ್ಚಿದಳು.

ನಮಾಜು ಮುಗಿಸಿ ಊಟಕ್ಕೆ ಕೂತಿದ್ದ ಅಂಗಡಿ ಮಾಲೀಕ ಇಲಿಯಾಸ್ ಚಾಚಾ ಕೈ ಒರೆಸಿಕೊಳ್ಳುತ್ತಲೇ ಬಂದು ಬೀಗ ತೆಗೆದರು. ಸರಿಯಾದ ಚಾರ್ಜರು ಸಿಕ್ಕಿತು, ಅದಕ್ಕೆ ತಕ್ಕ ದಪ್ಪ ಕೇಬಲ್ಲೂ ಸಿಕ್ಕಿತು. ಸಿಕ್ಕಿಸಿದ್ದೇ ತಡ ಬ್ಯಾಟರಿ ಏರತೊಡಗಿತು. ಆದರೆ ಮೂರಾಗುತ್ತ ಬಂದಿತ್ತು. ಇನ್ನು ಮನೆ ಮುಟ್ಟುವುದೆಲ್ಲಿ?

"ಇಲ್ಲೇ ಬರಿ ಮಗಾ."

"ಒಬ್ಬಳೇ ಇರ್ಬೇಕು ಚಾಚಾ. ಬೇರೆಯವ್ರು ಕಂಡ್ರೆ ಪರೀಕ್ಷೆ ರದ್ದು."

"ಆತು. ನಾನು ಹೊರಗೆ ಕೂತ್ಕೊಳ್ತೇನೆ."

ಕುರ್ಚಿಯನ್ನು ಹೊರಗಿಟ್ಟು, ಗಾಳಿಯಾಡಲೆಂದು ಕೆಳಗೆ ಒಂದಿಷ್ಟು ಸಂದಿ ಬಿಟ್ಟು ಶಟರ್ ಎಳೆದರು.

ಕ್ಯಾಮೆರಾ ತಿರುಗಿಸಿ ಕೋಣೆ ತೋರಿಸಲು ಆಜ್ಞೆಯಾಯಿತು. ಕಪಾಟು ತೋರಿಸಿದಳು, ಗೋಡೆ ತೋರಿಸಿದಳು, ಶಟರ್ ತೋರಿಸಿದಳು. ಪರದೆಯಲ್ಲಿ ಕೆಂಪು ಅಕ್ಷರ ಮೂಡಿತು: ಇನ್ನೊಬ್ಬರು ಇದ್ದಾರೆ. ತಿರುಗಿ ನೋಡಿದರೆ, ಸಂದಿಯಲ್ಲಿ ಬಿಳಿ ಪೈಜಾಮದ ಎರಡು ಕಾಲು.

"ಚಾಚಾ, ಕಾಲು!"

ಕುರ್ಚಿ ಕಿರ್ರೆಂದಿತು. ಕಾಲು ಮಾಯವಾದವು. ಸ್ವಲ್ಪ ಹೊತ್ತಿಗೆ ಕೆಂಪು ಅಕ್ಷರವೂ ಅಳಿಸಿಹೋಗಿ ಮೊದಲನೇ ಪ್ರಶ್ನೆ ಬಂತು. ಆಮೇಲೆ ಅವಳಿಗೆ ಹೊರಗಿನ ಲೋಕವೇ ಮರೆತುಹೋಯಿತು.

ಮುಗಿಸಿ ಶಟರ್ ಎತ್ತಿದಾಗ ಬಿಸಿಲು ಇಳಿದಿತ್ತು. ಎಲ್ಲ ಉತ್ತರ ಬರೆದ ಖುಷಿಯನ್ನು ಹೇಳಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು. ಚಾಚಾ ಆ ಸಣ್ಣ ಕುರ್ಚಿಯ ಮೇಲೆ ಎರಡೂ ಕಾಲು ಮಡಚಿಟ್ಟುಕೊಂಡು, ಮೊಣಕಾಲನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು.

"ಆತಾ ಮಗಾ?" ಎಂದರು ಮೆಲ್ಲಗೆ. "ಇನ್ನು ಕಾಲು ಇಳಿಸ್ಬಹುದಾ?"