ಬೀಗವೇ ಕಾಣದ ಹಾಗೆ

ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವವಳಿಗೆ ಜೊತೆಯವರು ಇಟ್ಟ ಹೆಸರು ಬೀಗದಮ್ಮ. ಅದರಿಂದ ಅವಳಿಗೆ ಬೇಸರವೇನಿಲ್ಲ, ಒಳಗೊಳಗೇ ಹೆಮ್ಮೆ. ಆ ಡೇಟಾಬೇಸಿನ ಕೋಡ್ ಯಾರು ಬೇಕಾದರೂ ಓದಬಹುದಾದ ಮುಕ್ತ ತಂತ್ರಾಂಶ. ಮಾಹಿತಿ ಹತ್ತಾರು ಕಂಪ್ಯೂಟರುಗಳಲ್ಲಿ ಹಂಚಿಕೊಂಡಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತಿತ್ತು. ಒಬ್ಬ ರೋಗಿಯ ಒಂದೊಂದು ವಿವರಕ್ಕೂ ಬೇರೆ ಬೇರೆ ಬೀಗ. ಪಥ್ಯ ಅಡುಗೆಯವರಿಗೆ, ಬಿಲ್ಲು ಕೌಂಟರಿನವರಿಗೆ, ರೋಗಿ ಗುಟ್ಟಾಗಿಡಿ ಎಂದದ್ದು ಅವರ ವೈದ್ಯರಿಗೆ ಮಾತ್ರ. ಬೀಗ ಮಾಡುವ ವಿದ್ಯೆ ಊರಿಗೆಲ್ಲ ಗೊತ್ತಿರಲಿ, ಕೀಲಿಕೈ ಬೇಕಾದವರ ಹತ್ತಿರವಿರಲಿ ಎನ್ನುವುದು ಅವಳ ವಾದ. ವಾದದಲ್ಲಿ ಅವಳನ್ನು ಗೆದ್ದವರಿಲ್ಲ. ಗೆಲ್ಲಲು ಅವಳು ಬಿಟ್ಟರೆ ತಾನೆ.

ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕ ಅದೇ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ಮಾಡಿಸಿಕೊಂಡಾಗ ಇವಳಿಗೆ ತಡೆಯಲಾಗಲಿಲ್ಲ. ಮಾಡಬಾರದೆಂದು ಗೊತ್ತಿದ್ದೂ ಅಕ್ಕನ ಹೆಸರು ಹುಡುಕಿದಳು. ಡೇಟಾಬೇಸ್ ಸರಿಯಿದೆಯೇ ಎಂದು ನೋಡುವ ಕೆಲಸಕ್ಕೆಂದು ಅವಳ ಲಾಗಿನ್‌ಗೆ ಸಾಧಾರಣ ವರದಿಗಳೆಲ್ಲ ಕಾಣುತ್ತಿದ್ದವು. ರಕ್ತದೊತ್ತಡ, ಸಕ್ಕರೆ ಎಲ್ಲ ಸರಿಯಿತ್ತು, ಬೇರೇನೂ ಇರಲಿಲ್ಲ. ಸಂಜೆ ಅಮ್ಮನ ಮನೆಯಲ್ಲಿ ಎಲ್ಲರ ಮುಂದೆ, ಏನೂ ಇಲ್ಲ, ನಾನು ಗ್ಯಾರಂಟಿ ಎಂದು ಸಾರಿಬಿಟ್ಟಳು. ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಒಂದೆರಡು ದಿನದ ಮೇಲೆ ಹೊಸ ವೈದ್ಯರೊಬ್ಬರು ಬಂದು ಗೊಣಗಿದರು. ತಮಗೆ ಸಂಬಂಧವಿಲ್ಲದ ವಿವರವಾದರೆ ‘ಬೀಗ ಹಾಕಿದೆ’ ಎಂದಾದರೂ ತೋರಿಸಬಾರದೇ ಎಂದರು. ಇವಳು ಎಂದಿನ ಠೀವಿಯಲ್ಲಿ ಪಾಠ ಶುರು ಮಾಡಿದಳು.

“ಬೀಗ ಇದೆ ಅಂತ ಗೊತ್ತಾದ್ರೆ ಅರ್ಧ ಗುಟ್ಟು ಗೊತ್ತಾದ ಹಾಗೇ ಸಾರ್. ಅದಕ್ಕೇ ನೋಡಬಾರದವರಿಗೆ ಅದು ಇಲ್ಲವೇ ಇಲ್ಲ ಅನ್ನೋ ಥರ...”

ಮಾತು ಅಲ್ಲೇ ನಿಂತಿತು. ಅಕ್ಕನ ಸ್ಕ್ಯಾನ್ ಆಗಿತ್ತು. ಚೆನ್ನಾಗಿದೆ ಎನ್ನುವ ವರದಿಯಾದರೂ ಇರಬೇಕಿತ್ತಲ್ಲ. ತಾನೇ ಹಾಕಿದ ಬೀಗ ತನ್ನನ್ನೇ ಬೇಸ್ತು ಬೀಳಿಸಿತ್ತು.

ವೈದ್ಯರು ಹೋದರು. ತನಗೆ ತಾನೇ ಆ ಕೀಲಿ ಕೊಟ್ಟುಕೊಳ್ಳಲು ಒಂದು ಸಾಲು ಟೈಪ್ ಮಾಡಿದರೆ ಸಾಕಿತ್ತು. ಬೆರಳು ಕೀಬೋರ್ಡಿನ ಮೇಲಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೇ? ಒಮ್ಮೆ ಇಣುಕಿದ್ದೇ ಸಾಕು ಎಂದುಕೊಂಡು ಎದ್ದು ನೇರ ಅಕ್ಕನ ಅಂಗಡಿಗೆ ನಡೆದಳು.

ಅಕ್ಕ ಮುಖ ನೋಡಿಯೇ ಮಿಷನ್ ನಿಲ್ಲಿಸಿದಳು.

“ನೋಡಿಬಿಟ್ಯಾ?”

“ಇಲ್ಲ. ನೋಡಬಹುದಿತ್ತು. ನಿನ್ನ ಬಾಯಿಂದಲೇ ಕೇಳೋಣ ಅಂತ ಬಂದೆ.”

ಅಕ್ಕ ಹೇಳಿದಳು. ಎದೆಯಲ್ಲಿ ಕಂಡ ಗಂಟು ಕ್ಯಾನ್ಸರಿನದೇ, ಬೇಗ ಸಿಕ್ಕಿದೆ, ಆಪರೇಷನ್ ಮಾಡಿದರೆ ಗುಣವಾಗುತ್ತದೆ ಎಂದಿದ್ದಾರೆ. ಮನೆಯವರಿಗೆ ತಾನೇ ಹೇಳಬೇಕೆಂದು ವರದಿಯನ್ನು ಗುಟ್ಟಾಗಿಡಿಸಿದ್ದಳು.

“ಆವತ್ತು ಹೇಳೋಕೇ ಬಂದಿದ್ದೆ ಕಣೇ. ಅಷ್ಟರಲ್ಲಿ ನೀನು ಏನೂ ಇಲ್ಲ ಅಂದುಬಿಟ್ಟೆ. ಅಮ್ಮ ನಕ್ಕಳು. ಆಮೇಲೆ ನಂಗೆ ಬಾಯೇ ಬರಲಿಲ್ಲ.”

ತಂಗಿಗೆ ಅಳು ಬಂತು, ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಕ್ಕನ ಕೈಯಿಂದ ಬಟ್ಟೆ ತೆಗೆದಿಟ್ಟಳು.

“ಏಳು, ಅಮ್ಮನ ಹತ್ರ ಹೋಗೋಣ. ನಾನು ಹೇಳಿದ್ದು ತಪ್ಪು ಅಂತ ಮೊದಲು ನಾನು ಹೇಳ್ತೀನಿ. ಮಿಕ್ಕಿದ್ದು ನೀನು ಹೇಳು.”