ಬೇವಿನ ಗಿಡದ ಎರಡನೆಯ ಜೋಕಾಲಿ

ನಾಗರ ಪಂಚಮಿಯ ಹಿಂದಿನ ದಿನ ಅಸಂಗಿಯ ಮಲಕವ್ವ ಹಟ ಹಿಡಿದಳು. ಎಷ್ಟೋ ವರ್ಷಗಳಿಂದ ಅವಳೂ ಪಕ್ಕದ ಮನೆಯ ಹಜರಾಬಿಯೂ ಹಿತ್ತಲ ಬೇವಿನ ಗಿಡದ ಒಂದೇ ಜೋಕಾಲಿಯಲ್ಲಿ ಪಾಳಿ ಹಚ್ಚಿ ಜೀಕುತ್ತಿದ್ದರು. ಈ ಸಲ ಅದರ ಬಾಜೂಕೆ ಅಷ್ಟೇ ಉದ್ದದ ಇನ್ನೊಂದು ಬೇಕು, ಇಬ್ಬರೂ ಕೂಡಿಯೇ ಜೀಕಬೇಕು.

ಹಗ್ಗ ತರಲು ಜತ್ತಿಗೆ ಹೋದ ಮಗ ಶಿದ್ರಾಯ ಅಂಗಡಿಯಿಂದ ಫೋನ್ ಮಾಡಿದ. "ಎವ್ವಾ, ಎಷ್ಟ ಮೀಟರ? ಕಡದ ಮ್ಯಾಲ ವಾಪಸ್ ತಗೋಳೂದಿಲ್ಲಂತ. ಲಗೂನ ಹೇಳು."

ಮೊದಲಿನದನ್ನು ಕಟ್ಟಿದವನು ಅವನೇ, ಆದರೆ ಅಳೆದಿರಲಿಲ್ಲ. ಟೊಂಗೆಯೋ ಬಲು ಎತ್ತರ. ಮುದುಕಿಯರಿಬ್ಬರೂ ಕತ್ತೆತ್ತಿ ನೋಡಿದರು.

"ಇಪ್ಪತ್ತಾದ್ರೂ ಬೇಕ," ಎಂದಳು ಮಲಕವ್ವ.

"ಎಂಟ ಸಾಕ," ಎಂದಳು ಹಜರಾಬಿ.

ಹಜರಾಬಿಯ ಮೊಮ್ಮಗಳು ರುಬಿನಾ ಹನ್ನೊಂದನೆಯ ಇಯತ್ತೆಯಲ್ಲಿ ಸೈನ್ಸ್ ಓದುತ್ತಿದ್ದಳು. ಅವಳು ಫೋನು ಇಸಿದುಕೊಂಡು, "ಕಾಕಾ, ಐದ ಮಿನಿಟ ತಡೀರಿ," ಎಂದಳು. "ಜೋಕಾಲಿ ಉದ್ದಾದಷ್ಟೂ ಸಾವಕಾಶ ತೂಗತೈತಿ. ಹೋಗಿ ಬರೂ ವ್ಯಾಳೆ ಗೊತ್ತಾದ್ರ ಉದ್ದನೂ ಗೊತ್ತಾಗತೈತಿ. ಆಯಿ, ನೀವು ಕುಂದ್ರಿ. ಜೀಕಬ್ಯಾಡ್ರಿ."

ಮಲಕವ್ವ ಕುಳಿತಳು. ರುಬಿನಾ ಮೆಲ್ಲಗೆ ತಳ್ಳಿ ಮೊಬೈಲಿನಲ್ಲಿ ನೋಡಿದಳು. ಹತ್ತು ಸಲ ಹೋಗಿ ಬರಲು ನಲವತ್ತೈದು ಸೆಕೆಂಡು.

"ಇಕಿ ಎಂಬತ್ತ ಕಿಲೋ ಅದಾಳ," ಎಂದು ಹಜರಾಬಿ ತಕರಾರು ತೆಗೆದಳು. "ಭಾರಕ್ಕ ಲೆಕ್ಕ ತಪ್ಪತೈತಿ."

ಸರಿ, ಮಲಕವ್ವನ ಆರು ವರ್ಷದ ಮೊಮ್ಮಗಳು ಸೃಷ್ಟಿಯನ್ನು ಕೂರಿಸಿ ತೂಗಿದರು. ಮತ್ತೆ ನಲವತ್ತೈದು!

"ನನ್ನ ಎಂಬತ್ತ ಕಿಲೋ ಎಲ್ಲಿ ಹೋತ?"

"ಇದರಾಗ ಭಾರಕ್ಕ ಕೆಲಸಿಲ್ರಿ ಆಯಿ."

"ಇದೊಂದ ಲೆಕ್ಕ ಭಾಳ ಚಲೋ ಐತಿ ನೋಡವಾ," ಎಂದು ಮಲಕವ್ವ ಹೊಟ್ಟೆ ಹಿಡಿದು ನಕ್ಕಳು.

ರುಬಿನಾ ಲೆಕ್ಕ ಹಾಕಿದಳು. ಒಂದು ಸಲಕ್ಕೆ ನಾಲ್ಕೂವರೆ ಸೆಕೆಂಡು. ಅದನ್ನು ಅದರಿಂದಲೇ ಗುಣಿಸಿದರೆ ಇಪ್ಪತ್ತರ ಮೇಲೆ ಸ್ವಲ್ಪ. ಪುಸ್ತಕದ ಸೂತ್ರದಂತೆ ಅದರ ಸುಮಾರು ಕಾಲು ಭಾಗವೇ ಜೋಕಾಲಿಯ ಉದ್ದ, ಐದು ಮೀಟರು. ಎರಡು ಎಳೆಗೆ ಹತ್ತು, ಗಂಟಿಗೆ ಎರಡು.

"ಹನ್ನೆರಡ ಮೀಟರ ತರ್ರಿ ಕಾಕಾ!"

ಮರುದಿನ ಬೆಳಿಗ್ಗೆ ಶಿದ್ರಾಯ ಗಿಡ ಹತ್ತಿ ಕಟ್ಟಿದ. ಎರಡೂ ಮಣೆಗಳು ಸರಿಸಮ ಬಂದವು, ಉಳಿದದ್ದು ಒಂದು ಮೊಳ ಹಗ್ಗ. ರುಬಿನಾ ಕೇಕೆ ಹಾಕಿ ಕುಣಿದಳು.

ಮುದುಕಿಯರು ಕುಳಿತರು. ಒಬ್ಬಳು ದಪ್ಪ, ಒಬ್ಬಳು ಕಡ್ಡಿ. ಕೂಡಿ ಹೋದರು, ಕೂಡಿ ಬಂದರು. ಮುಂದಾಗಬೇಕೆಂದು ಹಜರಾಬಿ ಜೋರಾಗಿ ಜೀಕಿದಳು. ಮೇಲೇನೋ ಹೋದಳು, ಆದರೆ ತಿರುಗಿ ಬರುವಾಗ ಮಲಕವ್ವ ಬಾಜೂಕೇ ಇದ್ದಳು.

"ಎಷ್ಟ ಜೀಕಿದರೂ ಬಿಡವಲ್ಲಳಲ್ಲ ಇಕಿ!"

ಓಣಿಯ ಹೆಂಗಸರೆಲ್ಲ ಬಂದು ತಮ್ಮ ಸರದಿಗಾಗಿ ಕೂಗಾಡಿದರು. ಸೃಷ್ಟಿ ಶೇಂಗಾ ಉಂಡಿ ತಂದುಕೊಟ್ಟಳು. ಇಬ್ಬರೂ ಮಣೆಯ ಮೇಲೆ ಕುಳಿತೇ ತಿಂದರು, ಮಧ್ಯಾಹ್ನದವರೆಗೂ ಕೆಳಗಿಳಿಯಲಿಲ್ಲ.