ಸಾವಂತ್ರಮ್ಮನ ಉಜ್ಜುಗೊರಡು

ಬಡಗಿ ಗಿಡ್ಡಪ್ಪ ಸತ್ತ ಮೇಲೆ, ಅವನು ಹಲಗೆ ಹೆರೆದು ನುಣುಪು ಮಾಡುತ್ತಿದ್ದ ಉಜ್ಜುಗೊರಡನ್ನು ತಮ್ಮ ರೇವಣ್ಣ ದೇವರ ಗೂಡಿನಲ್ಲಿಟ್ಟ. ಏಳು ವರ್ಷ ಆಯುಧಪೂಜೆಗೆ ಎಣ್ಣೆ ಸವರಿದ, ವಿಭೂತಿ ಬಳಿದ, ಕುಂಕುಮ ಇಟ್ಟ. ಕೆಲಸಕ್ಕೆ ಮಾತ್ರ ಯಾರೂ ಅದನ್ನು ಮುಟ್ಟಲಿಲ್ಲ. ಗಂಡನ ಜೊತೆ ಹನ್ನೊಂದು ವರ್ಷ ಗರಗಸದ ಇನ್ನೊಂದು ತುದಿ ಹಿಡಿದಿದ್ದ, ಅವನ ಉಳಿಗಳನ್ನೆಲ್ಲ ಮಸೆದಿದ್ದ ಸಾವಂತ್ರಮ್ಮ ಹೊನ್ನಾಳಿಯ ಸಾಮಿಲ್ಲಿನಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದಳು.

೧೯೮೧ರ ಬೇಸಿಗೆಯಲ್ಲಿ ನ್ಯಾಮತಿ ಕಡೆಯ ಒಂದು ಶಾಲೆಯಲ್ಲಿ ನಲವತ್ತು ಬೆಂಚುಗಳ ದುರಸ್ತಿಗೆ ಜನ ಬೇಕೆಂದು ಸುದ್ದಿ ಬಂತು. ಹೆಡ್‌ಮಾಸ್ತರು ಜಯದೇವಪ್ಪನವರು ಸೋಮವಾರ ಹಲಗೆ ಉಜ್ಜಿಸಿ ನೋಡಿ ಕೆಲಸ ಕೊಡುವರಂತೆ. ಆ ಕೆಲಸ ತನಗೇ ಸಿಗಬೇಕೆಂದು ಸಾವಂತ್ರಮ್ಮ ದೇವರ ಗೂಡಿಗೆ ಕೈ ಹಾಕಿದಳು.

"ಹೆಣ್ಣೆಂಗಸು ಆಯುಧ ಮುಟ್ಟಿದ್ರೆ ಮನೆಗೆ ಆಗಿಬರಾಕಿಲ್ಲ, ಅತ್ತಿಗೆ," ಎಂದ ರೇವಣ್ಣ.

"ಇದನ್ನ ಮಸೆದೋಳು ಯಾರಪ್ಪ? ನಿಮ್ಮಣ್ಣ ಇದ್ದಾಗ ಆಗಿಬಂತು, ಈಗ್ಯಾಕೆ ಬರಾಕಿಲ್ಲ?"

ಅಲಗನ್ನು ಬಿಗಿಹಿಡಿಯುವ ಬೆಣೆ ಕಚ್ಚಿಕೊಂಡಿತ್ತು. ಗೊರಡಿನ ಹಿಂಬದಿಗೆ ಮರದ ಸುತ್ತಿಗೆಯಿಂದ ತಟ್ಟಿದಾಗ ಸಡಿಲಾಗಿ ಅಲಗು ಈಚೆ ಬಂತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತುಕ್ಕು ತಿಕ್ಕಿದಳು. ಸಾಣೆಕಲ್ಲಿನ ಮೇಲೆ ಒಂದೇ ಓರೆಯಲ್ಲಿ ಮಸೆದು, ಮುಂಗೈ ರೋಮ ಬೋಳಿಸಿ ನೋಡಿದಳು. ಗೊರಡಿನ ತಳ ಸೊಟ್ಟಗಾಗಿತ್ತು, ಕಡಪಾ ಕಲ್ಲಿನ ಮೇಲೆ ಮರಳು ಕಾಗದ ಹಾಸಿ ಉಜ್ಜಿ ಸಮ ಮಾಡಿದಳು. ಆದರೆ ಹೆರೆದ ಸುರುಳಿ ಮೇಲೇಳುವ ಬಾಯಿಯೊಳಗೆ ಏಳು ವರ್ಷದ ಎಣ್ಣೆ, ಕುಂಕುಮ ಗಟ್ಟಿಯಾಗಿ ಕೂತಿತ್ತು. ಅಲ್ಲಿಗೆ ಉಳಿ ಹಾಕಲು ಕೈ ಬರಲಿಲ್ಲ. ಪೂಜೆಯದು, ಇರಲಿ ಎಂದು ಬಿಟ್ಟಳು.

ಸೋಮವಾರ ಶಾಲೆಯ ಅಂಗಳದಲ್ಲಿ ತಮಾಷೆ ನೋಡಲು ಮಂದಿ ಸೇರಿದ್ದರು. ರೇವಣ್ಣನೂ ಹಿಂದೆಯೇ ಬಂದಿದ್ದ. ಸಾವಂತ್ರಮ್ಮ ಮೂರನೆಯ ಸಲ ತಳ್ಳುವಾಗ ಸುರುಳಿ ಸಿಕ್ಕಿಕೊಂಡು ಗೊರಡಿನ ಬಾಯಿ ಕಟ್ಟಿತು. ಹಲಗೆಯ ಮೇಲೆ ಉದ್ದಕ್ಕೆ ಗೀರು ಬಿತ್ತು.

"ಅಕ್ಕಾ, ರೊಟ್ಟಿ ಬಡಿಯೋದಲ್ಲ ಇದು!" ಎಂದ, ಅದೇ ಕೆಲಸಕ್ಕೆ ಬಂದಿದ್ದ ಬಡಗಿ ಗೋಣೆಪ್ಪ.

"ರೊಟ್ಟಿ ಬಡಿಯಾಕಾದ್ರೂ ಬರ್ತೈತೇನಪ್ಪ ನಿಂಗೆ?"

ತಪ್ಪು ಎಲ್ಲಿ ಆಯಿತೆಂದು ಅವಳಿಗೆ ಗೊತ್ತಿತ್ತು. ಅಲಗು ಬಿಚ್ಚಿ, ಕುಂಕುಮದ ಹೆಕ್ಕಳೆಯನ್ನು ಎಲ್ಲರೆದುರೇ ಕೆತ್ತಿ ಕೆಡವಿದಳು.

"ಅತ್ತಿಗೆ! ದೇವ್ರಿಗಿಟ್ಟಿದ್ದು ಅದು!" ರೇವಣ್ಣ ಎದ್ದು ನಿಂತ.

"ಏಳು ವರ್ಷ ನೀನು ಪೂಜೆ ಮಾಡಿದಿ. ಅಷ್ಟೂ ವರ್ಷ ನಾನು ಹೊಟ್ಟು ಗುಡಿಸಿದೆ. ಸಾಕು, ಕೂತ್ಕ."

ಅಲಗು ಕೂರಿಸಿ, ಬೆಣೆ ಬಡಿದು ತಳ್ಳಿದಳು. ಈ ತುದಿಯಿಂದ ಆ ತುದಿಗೆ ಒಂದೇ ಸುರುಳಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಗೀರು ಹೋಗುವವರೆಗೂ ನಿಲ್ಲಿಸಲಿಲ್ಲ. ಜಯದೇವಪ್ಪನವರು ಅವಳ ಹಲಗೆಯ ಮೇಲೆ ಅಂಗೈ ಆಡಿಸಿದರು. ಆಮೇಲೆ ಗೋಣೆಪ್ಪ ಉಜ್ಜಿದ ಹಲಗೆಯ ಮೇಲೆ.

"ಕೆಲಸ ನಿಂದೇ ಕಣಮ್ಮ. ಆದ್ರೆ ಕಾಗದದಾಗೆ ನಿನ್ನ ಮೈದುನನ ಹೆಸರು ಬರೀತೀನಿ. ಹೆಣ್ಣುಮಗಳ ಹೆಸರಿಗೆ ಮೇಲಿನೋರು ಒಪ್ಪಾಕಿಲ್ಲ."

ಸಾವಂತ್ರಮ್ಮ ಉಜ್ಜುಗೊರಡನ್ನು ಮೈದುನನ ಮುಂದೆ ಹಿಡಿದಳು. "ತಗಳಪ್ಪ. ಹೆಸರು ನಿಂದಾದ್ರೆ ನಲವತ್ತು ಬೆಂಚೂ ನೀನೇ ಉಜ್ಜು."

ರೇವಣ್ಣನಿಗೆ ಅಲಗಿನ ಯಾವ ಮುಖ ಮೇಲಿರಬೇಕೆಂಬುದೂ ಗೊತ್ತಿರಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡ. "ನಂಗೆಲ್ಲಿ ಬರ್ತೈತೆ? ಅತ್ತಿಗೆ ಹೆಸರೇ ಬರೀರಿ ಮೇಷ್ಟ್ರೇ."

ಜಯದೇವಪ್ಪನವರು ಪೆನ್ನಿನ ಟೋಪಿ ತೆಗೆದರು. ಹೆಸರು ಬರೆದರು.

"ಗಟ್ಟಿಯಾಗಿ ಓದ್ರಿ," ಎಂದಳು ಸಾವಂತ್ರಮ್ಮ.

ಅವರು "ಸಾವಂತ್ರಮ್ಮ" ಎಂದು ಓದಿದ ಮೇಲೆ ಮೊದಲನೆಯ ಬೆಂಚನ್ನು ಮಗುಚಿ ಹಾಕಿದಳು.